ಕೊಟ್ರವ್ವನ ಎಡಗೈ ರೊಟ್ಟಿ

ದಾವಣಗೆರೆಯ ಹತ್ತಿ ಗಿರಣಿಗಳ ಹಿಂದಿನ ಆ ಓಣಿಯಲ್ಲಿ ಗಿರಣಿಯ ಕೂಗಿಗಿಂತ ಮೊದಲೇ ಜನ ಎದ್ದಿರುತ್ತಿದ್ದರು. ಕೊಟ್ರವ್ವನ ಖಾನಾವಳಿಯ ಒಳಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಯಾರೋ ಬಾಗಿಲು ತೆಗೆಯುತ್ತಿದ್ದರು, ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದರು. ಕಲ್ಲಿನ ಮೇಲೆ ಹಿಟ್ಟಿಗೆ ಅಂಗೈ ಬೀಳುವ ಆ ಸಪ್ಪಳಕ್ಕೆ ಒಂದು ನಡಿಗೆ ಇತ್ತು. ಅವಸರವಿಲ್ಲದ, ತಪ್ಪದ ನಡಿಗೆ.

ಕೊಟ್ರವ್ವ ಈ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡಳು. ಮೊದಲಿನಿಂದಲೂ ಬಲವಿಲ್ಲದ ಹೃದಯ, ಒಲೆ ಮುಂದೆ ಕೂತಲ್ಲೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದವರು ಬೇರೆಯವರು. ಸಾವಿನ ಬಗ್ಗೆ ಇಷ್ಟು ಸಾಕು. ಅವಳು ಸೋತದ್ದು ಅದೊಂದು ಕಡೆ. ಗೆದ್ದದ್ದು ಬೇರೆ ಕಡೆ, ಅದನ್ನು ಓಣಿಯವರೆಲ್ಲ ಕಣ್ಣಾರೆ ಕಂಡಿದ್ದಾರೆ.

ಅವಳ ತವರು ಹರಿಹರದ ಕಡೆಯ ಭಾನುವಳ್ಳಿ. ಲಿಂಗಣ್ಣನನ್ನು ಮದುವೆಯಾಗಿ ದಾವಣಗೆರೆಗೆ ಬಂದಾಗ ಅವನು ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ. ಧೂಳು ಕುಡಿದು ಕುಡಿದು ಕೆಮ್ಮು ಹತ್ತಿದ ಮೇಲೆ ಕೆಲಸ ಬಿಟ್ಟ. ಆಗ ಕೊಟ್ರವ್ವ, "ನಿಮ್ಮ ಜೊತೆಯೋರು ಮಧ್ಯಾಹ್ನ ಬುತ್ತಿ ಬಿಚ್ಚಿದ್ರೆ ಒಣ ರೊಟ್ಟಿ, ಉಪ್ಪು. ನಾನು ಬಿಸಿ ರೊಟ್ಟಿ ಬಡೀತೀನಿ, ನೀವು ನೀರು ಕೊಡ್ರಿ. ಬದುಕಾಕೆ ಇನ್ನೇನು ಬೇಕು?" ಎಂದಳು. ಹೀಗೆ ಖಾನಾವಳಿ ಹುಟ್ಟಿತು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ, ತಟ್ಟೆಯ ಅಂಚಿಗೆ ಹಸಿ ಮೆಂತ್ಯದ ಸೊಪ್ಪು. ರೊಟ್ಟಿಯನ್ನು ಮಾತ್ರ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ದೀಪಕ್ಕೆ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಬಡಿಯುತ್ತಿದ್ದಳು.

ಎತ್ತರದ ಹೆಂಗಸು. ಒಳಮನೆಯ ಬಾಗಿಲು ಗಿಡ್ಡ. ಹೋಗುವಾಗಲೂ ಬರುವಾಗಲೂ ಅವಳು ತಲೆ ಬಗ್ಗಿಸಲೇಬೇಕು. ಲಿಂಗಣ್ಣ ನಗುತ್ತಿದ್ದ: "ನನಗಂತೂ ಒಂದಿನ ಬಗ್ಗಲಿಲ್ಲ ಈ ಹೆಣ್ಣು. ಬಾಗಿಲಿಗೆ ಮಾತ್ರ ಬಗ್ತಾಳೆ."

ಚಿಕ್ಕವಳಿದ್ದಾಗ ಕೀಲು ಕೀಲು ಊದಿಕೊಂಡು ಜ್ವರ ಬಂದಿತ್ತಂತೆ. ಆ ಜ್ವರ ಹೋಗುವಾಗ ಎದೆಯಲ್ಲಿ ಗುರುತು ಬಿಟ್ಟು ಹೋಗಿತ್ತು. ನಡುವಯಸ್ಸಿಗೆ ಬರುವ ಹೊತ್ತಿಗೆ ಒಂದು ಕೊಡ ನೀರು ತಂದರೂ ಏದುಸಿರು. ಹೃದಯದೊಳಗಿನ ಒಂದು ಬಾಗಿಲು ಕಿರಿದಾಗಿದೆ, ಅದನ್ನು ಅಗಲ ಮಾಡಬೇಕು ಎಂದು ದೊಡ್ಡಾಸ್ಪತ್ರೆಯವರು ವೆಲ್ಲೂರಿಗೆ ಬರೆದುಕೊಟ್ಟರು. ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ. ಓಣಿಯಿಂದ ಅಷ್ಟು ದೂರ ಹೋಗಿ ಎದೆ ಕೊಯ್ಸಿಕೊಂಡು ಬಂದವರು ಆಗ ಯಾರೂ ಇರಲಿಲ್ಲ. ಶಸ್ತ್ರಚಿಕಿತ್ಸೆ ಸರಿಯಾಯಿತು. ಆದರೆ ಅಲ್ಲಿ ಮಲಗಿದ್ದಾಗಲೇ ಒಂದು ಬೆಳಿಗ್ಗೆ ಎಡಗಾಲು ತಣ್ಣಗೆ, ಬೆಳ್ಳಗೆ ಆಯಿತು. ಹೃದಯ ತಾಳ ತಪ್ಪಿ ಬಡಿಯುವುದರಿಂದ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ, ಅದರ ತುಣುಕೊಂದು ಹರಿದು ಬಂದು ಕಾಲಿನ ನಾಳಕ್ಕೆ ಸಿಕ್ಕಿಕೊಂಡಿದೆ ಎಂದು ವೈದ್ಯರು ತಿಳಿಸಿ ಹೇಳಿದರು. ಕಾಲು ಉಳಿಯಿತು. ಮುಂದಿನ ತುಣುಕು ತಲೆಗೆ ಹೋದರೆ ಬದುಕು ಉಳಿಯುವುದಿಲ್ಲ. ಆದ್ದರಿಂದ ರಕ್ತ ತೆಳು ಮಾಡುವ ಮಾತ್ರೆ ದಿನಾಲೂ, ಸಾಯುವವರೆಗೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಸೊಪ್ಪು ಹೆಚ್ಚು ತಿಂದರೆ ಮಾತ್ರೆಯ ಬಲ ಕಡಿಮೆಯಾಗುತ್ತದೆ, ಸ್ವಲ್ಪ ಹಿಡಿತ ಇರಲಿ.

ಅವರು ಹೇಳಿದ್ದು ಇಷ್ಟೇ. ಕೊಟ್ರವ್ವ ಊರಿಗೆ ಬಂದು ಮಾಡಿದ್ದು ಬೇರೆ.

ನಮ್ಮ ಕಡೆ ಔಷಧಿ ಅಂದರೆ ಪಥ್ಯ. ನಾಟಿ ವೈದ್ಯ ಬೇರು ತೇದು ಕೊಟ್ಟರೆ ಅದರ ಜೊತೆ ಹುಳಿ ಬಿಡು, ನಂಜಿನ ಪದಾರ್ಥ ಬಿಡು ಎನ್ನುತ್ತಾನೆ. ಅವನು ಒಂದು ಬಿಡು ಎಂದರೆ ಮನೆಯವರು ಇನ್ನೊಂದು ಸೇರಿಸುತ್ತಾರೆ. ಪಥ್ಯ ಕಟ್ಟುನಿಟ್ಟಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ. ಕೊಟ್ರವ್ವ ಸೊಪ್ಪನ್ನು ಕಡಿಮೆ ಮಾಡಲಿಲ್ಲ, ಪೂರಾ ಬಿಟ್ಟಳು. ಎದೆ ಕೆಟ್ಟವರಿಗೆ ಮೊಸರು ಶೀತ ಎಂದು ಮೊಸರು ಬಿಟ್ಟಳು. ಮೊಸರು ಬಿಟ್ಟ ಮೇಲೆ ಹಾಲು, ಮಜ್ಜಿಗೆ ಯಾಕೆ ಎಂದು ಅವನ್ನೂ ಬಿಟ್ಟಳು. ನಸುಕಿನಿಂದ ಸಂಜೆಯವರೆಗೆ ಹೊಗೆ ತುಂಬಿದ ಒಳಮನೆಯೇ ಅವಳ ಲೋಕವಾದ್ದರಿಂದ ಬಿಸಿಲೂ ತಾನಾಗಿ ಬಿಟ್ಟುಹೋಗಿತ್ತು.

ಆವರಗೆರೆಯಿಂದ ದಿನಾ ಗಾಡಿಯಲ್ಲಿ ಸೊಪ್ಪು ತರುತ್ತಿದ್ದ ಮಸ್ತಾನಸಾಬ್‌ಗೆ ಇದು ದೊಡ್ಡ ತಮಾಷೆ. "ಏನಕ್ಕಾ, ಊರಿಗೆಲ್ಲ ಸೊಪ್ಪು ಹಂಚ್ತೀಯ, ನೀನು ಮಾತ್ರ ಬಾರೋ ಮಾಸ್, ಹನ್ನೆರಡು ತಿಂಗಳೂ ರೋಜಾ ಹಿಡಿದೋರಂಗೆ ಇದೀಯಲ್ಲ! ನಮಗಾದ್ರೂ ಒಂದ್ ತಿಂಗಳಿಗೆ ಮುಗೀತದೆ."

"ಜೀವ ಉಳಿಸಿದ ಪಥ್ಯ ಸಾಬಣ್ಣ, ನಗಬ್ಯಾಡ," ಎನ್ನುತ್ತಿದ್ದಳು ಕೊಟ್ರವ್ವ.

ಜೀವ ಉಳಿದದ್ದು ನಿಜ. ವರ್ಷಗಳು ಉರುಳಿದವು. ಮಾತ್ರೆ ಒಂದು ದಿನ ತಪ್ಪಲಿಲ್ಲ, ರಕ್ತಪರೀಕ್ಷೆ ಒಂದು ತಿಂಗಳು ತಪ್ಪಲಿಲ್ಲ. ರೊಟ್ಟಿಯೂ ತಪ್ಪಲಿಲ್ಲ. ಬೆನ್ನು ನೋಯುತ್ತದೆ ಎನ್ನುತ್ತಿದ್ದಳು. ರೊಟ್ಟಿ ಬಡಿಯುವವರಿಗೆ ಬೆನ್ನು ನೋಯದೆ ಇನ್ನೇನು ಎಂದು ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು.

ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ನಾಗರತ್ನಮ್ಮ ಊಟಕ್ಕೆಂದು ಬರುತ್ತಾ ಬರುತ್ತಾ ಗೆಳತಿಯಾದವಳು. ಒಲೆ ಪಕ್ಕದ ಮಣೆ ಅವಳದು. ಒಂದು ದಿನ ಅವಳ ಕಣ್ಣಿಗೆ ಏನೋ ಬೇರೆಯಾಗಿ ಕಂಡಿತು. ಕೊಟ್ರವ್ವ ತಟ್ಟೆ ಹಿಡಿದು ಹೊರಗೆ ಹೋದಳು, ಬರಿಗೈಯಲ್ಲಿ ಒಳಗೆ ಬಂದಳು. ಎರಡು ಸಲವೂ ತಲೆ ಬಗ್ಗಿಸಲಿಲ್ಲ.

"ಕೊಟ್ರಕ್ಕಾ, ಬಾಗಿಲು ಎತ್ತರ ಮಾಡಿಸಿದ್ರಾ?"

"ಯಾಕ್ರಿ ಅಕ್ಕೋರೇ?"

"ನೀವು ಬಗ್ತಾನೇ ಇಲ್ಲ."

ಕೊಟ್ರವ್ವ ಹೋಗಿ ಚೌಕಟ್ಟಿನ ಕೆಳಗೆ ನಿಂತಳು. ತಲೆಯ ಮೇಲೆ ಅಂಗೈ ಅಡ್ಡ ಇಟ್ಟರೂ ಮೇಲೆ ಜಾಗ ಉಳಿಯಿತು. ಉಪ್ಪಿನ ಭರಣಿ ಇಡುವ ಗೂಡು ಈಚೆಗೆ ಎಟುಕುತ್ತಿಲ್ಲ ಎಂಬುದು ಆಗ ಅವಳಿಗೆ ನೆನಪಾಯಿತು. ಅವಳು ಗೂಡನ್ನು ಬೈದುಕೊಂಡಿದ್ದಳು. "ಗಿಡ್ಡ ಆದೆನೇನ್ರಿ ನಾನು?" ಎಂದು ನಕ್ಕಳು. ನಾಗರತ್ನಮ್ಮ ನಗಲಿಲ್ಲ.

ಅರವತ್ತಾರನೇ ಇಸವಿಯ ಚಳಿಗಾಲದಲ್ಲಿ, ಗಿರಣಿಯ ಮೊದಲ ಪಾಳಿಯವರು ಪಂಕ್ತಿಯಲ್ಲಿ ಕೂತಿದ್ದಾಗ ಸಪ್ಪಳ ಅರ್ಧಕ್ಕೇ ನಿಂತಿತು. ಕೊಟ್ರವ್ವ ಬಿದ್ದಿರಲಿಲ್ಲ, ಜಾರಿರಲಿಲ್ಲ. ಯಾವತ್ತಿನ ಹಾಗೆ ಹಿಟ್ಟಿನ ಮೇಲೆ ಅಂಗೈ ಹಾಕಿದ್ದಳು ಅಷ್ಟೇ. ಬಲಗೈ ಮಣಿಕಟ್ಟಿನಲ್ಲಿ ಲಟ್ಟೆಂದಿತು. ಕೈ ಚಮಚದ ಹಿಡಿಯ ಹಾಗೆ ಸೊಟ್ಟಗಾಯಿತು. ಅರ್ಧ ಬಡಿದ ರೊಟ್ಟಿಯ ಮೇಲೆ ಕೈಯನ್ನಿಟ್ಟುಕೊಂಡೇ ಕೊಟ್ರವ್ವ, "ಏನ್ರಿ, ಇಲ್ ಬರ್ರಿ," ಎಂದು ಲಿಂಗಣ್ಣನನ್ನು ಕರೆದಳು. ಕೂಗಲಿಲ್ಲ. ಹೊರಗೆ ಜನ ಊಟ ಮಾಡುತ್ತಿದ್ದರು.

ಎಲುಬು ಅಂದರೆ ಕುಕ್ಕುವಾಡದ ಗಿಡ್ಡಪ್ಪ. ಸುತ್ತ ಹಳ್ಳಿಗಳಲ್ಲಿ ಅವನು ಕೂಡಿಸಿದ ಕೈಕಾಲುಗಳೆಷ್ಟೋ. ಲಿಂಗಣ್ಣ ಗಾಡಿ ಕಟ್ಟಿಸಿ ಅವನನ್ನೇ ಕರೆತಂದ. ಗಿಡ್ಡಪ್ಪ ಒಳ್ಳೆಯ ಮನುಷ್ಯ, ಕೈಯೂ ಪಳಗಿದ್ದು. ಬಿಸಿ ಎಣ್ಣೆ ಹಚ್ಚಿ ಒತ್ತಿ ಒತ್ತಿ ನೀವಿದ, ಎಳೆದು ಕೂಡಿಸಿದ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ರಕ್ತ ತೆಳು ಮಾಡುವ ಮಾತ್ರೆಯ ಮಾತನ್ನು ಯಾರೂ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಬೆಳಗಾಗುವುದರೊಳಗೆ ಕೈ ಮೊಣಕೈಯವರೆಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತ್ತು. ನೀವಿದಲ್ಲೆಲ್ಲ ಒಳಗೇ ರಕ್ತ ಸೋರಿತ್ತು.

ಗಿಡ್ಡಪ್ಪ ಮತ್ತೆ ಬಂದು ನೋಡಿ ಕಟ್ಟು ಬಿಚ್ಚಿದ. "ಯವ್ವಾ, ನನ್ನ ಕೈಯಾಗೆ ಇಂಥದ್ದು ಎಂದೂ ಆಗಿಲ್ಲ. ನೀ ಏನು ತಿಂತೀಯ?"

ಮಾತ್ರೆ ತೋರಿಸಿದರು. ಅವನು ದೂರದಿಂದಲೇ ನೋಡಿದ. "ರಕ್ತ ನೀರು ಮಾಡೋ ಮದ್ದು, ಎಲುಬು ನೀರು ಮಾಡದೆ ಬಿಟ್ಟೀತಾ? ಇದನ್ನ ನಿಲ್ಸವ್ವಾ. ಆಮೇಲೆ ನಾ ಕಟ್ತೀನಿ."

ಲಿಂಗಣ್ಣನ ಅಕ್ಕ ಮರಿಯವ್ವ ಖಾನಾವಳಿ ನಡೆಸಲು ಬಂದಿದ್ದವಳು ಅದೇ ಮಾತು ಹಿಡಿದಳು. "ಬಿಟ್ಟುಬಿಡೇ ತಂಗೀ ಆ ಮಾತ್ರೆ. ಕೈಯಿಲ್ಲದ ಮ್ಯಾಲೆ ಜೀವ ಇಟ್ಕೊಂಡು ಏನ್ಮಾಡ್ತೀಯ?"

"ಕಾಲು ತಣ್ಣಗಾದಾಗ ನೀನಿರ್ಲಿಲ್ಲಲ್ಲ ಯಕ್ಕಾ," ಎಂದಳು ಕೊಟ್ರವ್ವ. "ನನಗೆ ಜೀವಾನೂ ಬೇಕು, ಕೈನೂ ಬೇಕು. ಒಂದನ್ನ ಕೊಟ್ಟು ಒಂದನ್ನ ಇಸ್ಕೊಳ್ಳಾಕೆ ಇದೇನು ಸಂತೆಯಾ?"

ಹೇಳಿದ್ದು ಗಟ್ಟಿಯಾಗಿ. ಆದರೆ ಮರುದಿನ ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಒಳಮನೆಯಲ್ಲಿ ಮರಿಯವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಮಣ್ಣಿನ ಗೋಡೆಗೆ ಮಣ್ಣು ಎಸೆದ ಹಾಗಿತ್ತು. ಪಂಕ್ತಿಯಿಂದ ನೂಲಿನ ಖಾತೆಯವನೊಬ್ಬ, "ಲಿಂಗಣ್ಣಾ, ಇದು ತಿನ್ನಾಕೋ, ಇಲ್ಲಾ ಗಿರಣಿ ಬೆಲ್ಟಿಗೆ ತ್ಯಾಪೆ ಹಾಕಾಕೋ?" ಎಂದು ಕೂಗಿದ. ಎಲ್ಲರೂ ನಕ್ಕರು. ಕೊಟ್ರವ್ವನಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ನಾಗರತ್ನಮ್ಮ ಶಾಲೆಗೆ ರಜೆ ಹಾಕಿ ಬಂದಳು.

"ಮಾತ್ರೆ ನುಂಗಿ, ಸೀರೆ ಬದಲಾಯಿಸ್ರಿ. ಹರಿಹರಕ್ಕೆ ಹೋಗೋಣ."

ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಡಾಕ್ಟರ್ ಕೆಂಚವೀರಪ್ಪನವರ ದವಾಖಾನೆ. ಮುಂಬಯಿಯಲ್ಲಿ ಓದಿ, ಅಲ್ಲೇ ಕೆಲವು ವರ್ಷ ಹೃದಯದ ವಾರ್ಡಿನಲ್ಲಿ ದುಡಿದು ಊರಿಗೆ ಮರಳಿದವರು. ಅವರು ಫೋಟೋ ತೆಗೆಸಿದರು, ಕೈಯದೂ ಬೆನ್ನಿನದೂ. ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಕೊಟ್ರವ್ವನನ್ನೇ ಹತ್ತಿರ ಕರೆದರು.

"ಇದು ನಿಮ್ಮ ಬೆನ್ನೆಲುಬು. ಎಲುಬು ಗಟ್ಟಿ ಇದ್ರೆ ಬೆಳ್ಳಗೆ ಕಾಣ್ಬೇಕು. ನಿಮ್ದು ಒಗೆದು ಒಗೆದು ಜಾಳಾದ ಸೀರೆ ಇದ್ದಂಗೆ ಐತೆ. ಇಲ್ಲಿ ಎರಡು ಮಣಿ ಚಪ್ಪಟೆ ಆಗ್ಯಾವೆ. ಅದಕ್ಕೇ ನೀವು ಗಿಡ್ಡ ಆಗಿದ್ದು."

"ಮಾತ್ರೆ ತಿಂತಾ ಐತೇನ್ರಿ ನನ್ನ ಎಲುಬನ್ನ?"

ಡಾಕ್ಟರು ಹಾಳೆ ಕೆಳಗಿಟ್ಟರು. "ಹೌದು ಅಂತ ಎದೆ ತಟ್ಟಿ ಹೇಳಲಾರೆ. ಇಲ್ಲ ಅಂತಾನೂ ಹೇಳಲಾರೆ. ರಕ್ತ ತೆಳು ಮಾಡೋ ಇನ್ನೊಂದು ಔಷಧಿ ಐತೆ, ಇಂಜೆಕ್ಷನ್. ಅದನ್ನ ತಿಂಗಳುಗಟ್ಟಲೆ ಚುಚ್ಚಿಸ್ಕೊಂಡೋರ ಎಲುಬು ಸವೆದಿದ್ದು ಈಚೆಗೆ ವೈದ್ಯರ ಪತ್ರಿಕೆಗಳಲ್ಲಿ ಬಂದೈತೆ. ನಿಮ್ಮ ಮಾತ್ರೆ ವಿಷಯ ಯಾರಿಗೂ ಪಕ್ಕಾ ಗೊತ್ತಿಲ್ಲ. ಸೊಪ್ಪಿನಾಗೆ ಒಂದು ಸತ್ವ ಇರ್ತೈತೆ, ಅದು ರಕ್ತ ಹೆಪ್ಪುಗಟ್ಟಾಕೆ ಬೇಕು. ಮಾತ್ರೆ ಅದಕ್ಕೆ ಅಡ್ಡ ನಿಲ್ತೈತೆ. ಅದೇ ಸತ್ವ ಎಲುಬಿಗೂ ಬೇಕೋ ಏನೋ ಅಂತ ನನಗೆ ಅನುಮಾನ. ಮುಟ್ಟು ನಿಂತ ಮ್ಯಾಲೆ ಹೆಂಗಸರ ಎಲುಬು ಹೆಂಗೂ ಸಡಿಲಾಗ್ತವೆ. ಅದಿರ್ಲಿ, ನೀವು ಏನೇನು ಊಟ ಮಾಡ್ತೀರಿ?"

ಕೊಟ್ರವ್ವ ಹೆಮ್ಮೆಯಿಂದಲೇ ತನ್ನ ಪಥ್ಯವನ್ನು ಒಪ್ಪಿಸಿದಳು. ಸೊಪ್ಪಿಲ್ಲ, ಹಾಲಿಲ್ಲ, ಮೊಸರಿಲ್ಲ, ಮಜ್ಜಿಗೆ ಮುಟ್ಟಿ ಎಂಟು ವರ್ಷವಾಯಿತು.

"ವೆಲ್ಲೂರಿನೋರು ಹಾಲು ಬಿಡು ಅಂದ್ರಾ?"

"ಇಲ್ರಿ."

"ಮೊಸರು?"

"ಇಲ್ರಿ. ಎಲ್ಲಾ ಅವರೇ ಹೇಳ್ಬೇಕಾ? ಪಥ್ಯ ಅಂದ್ಮ್ಯಾಲೆ ನಮಗೇ ತಿಳೀಬೇಕಲ್ರಿ."

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಅವರ ತಾಯಿಯೂ ಇಂಥವಳೇ ಇದ್ದಿರಬೇಕು. "ತಾಯೀ," ಎಂದರು, "ಮಾತ್ರೆ ಒಂದು ಪಾಲು ತಿಂದಿದ್ರೂ ತಿಂದಿರ್ಬಹುದು. ಉಳಿದಿದ್ದನ್ನ ನಿಮ್ಮ ಪಥ್ಯ ತಿಂದೈತೆ. ಮಾತ್ರೆ ಬಿಡಂಗಿಲ್ಲ, ಪಥ್ಯ ಬಿಡ್ರಿ."

ನಾಗರತ್ನಮ್ಮ ಪಕ್ಕದಲ್ಲೇ ಇದ್ದಳು. ಎಂಟು ವರ್ಷದ ವ್ರತ ಒಂದು ಮಾತಿಗೆ ಕುಸಿಯುವುದು ಹೇಗಿರುತ್ತದೆಂದು ಆ ಮುಖದಲ್ಲಿ ಕಂಡಳು. ಕೊಟ್ರವ್ವ ತನ್ನ ಕಪ್ಪಾದ ಕೈ ನೋಡಿಕೊಂಡಳು. ಆಮೇಲೆ ಕೇಳಿದ್ದು ಒಂದೇ: "ರೊಟ್ಟಿ ಬಡಿಯಾಕೆ ಬರ್ತೈತಾ?"

"ಈ ಕೈ ಕೂಡ್ತೈತೆ, ಸ್ವಲ್ಪ ಸೊಟ್ಟ ಕೂಡ್ತೈತೆ. ಮೊದ್ಲಿನ ಹಂಗೆ ಇದ್ರಾಗೆ ಬಡಿಯೋದು ಬ್ಯಾಡ."

ಅವರು ಹೇಳಿಕೊಟ್ಟದ್ದು ಹೊಸ ತರದ ಕಟ್ಟುನಿಟ್ಟು. ಸೊಪ್ಪು ದಿನಾಲೂ ಒಂದು ಹಿಡಿ, ನಿನ್ನೆ ಎಷ್ಟೋ ಇವತ್ತೂ ಅಷ್ಟೇ. ಏರುಪೇರಾಗದಿದ್ದರೆ ಅದಕ್ಕೆ ಸರಿಯಾಗಿ ಮಾತ್ರೆಯ ಪ್ರಮಾಣ ಹೊಂದಿಸಬಹುದು. ಹೊಂದುವವರೆಗೆ ವಾರ ವಾರ ರಕ್ತಪರೀಕ್ಷೆ. ಹಾಲು, ಮೊಸರು, ರಾಗಿ, ಸುಣ್ಣದಂಶದ ಗುಳಿಗೆ. ನಡಿಗೆ. ನೀವಿಸಿಕೊಳ್ಳುವುದು ಎಂದೆಂದಿಗೂ ಬೇಡ. ಕೊನೆಗೆ ಎಲುಬಿಗೆ ಬಲ ಕೊಡುವ ಮೀನೆಣ್ಣೆಯ ಸೀಸೆ ಎತ್ತಿಕೊಂಡರು.

"ಯಪ್ಪಾ!" ಕೊಟ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ರೈಲು ಹತ್ತಿ ಬಂದಿದ್ದು ಲಿಂಗ ಮೈಲಿಗೆ ಮಾಡ್ಕೊಳ್ಳಾಕಾ?"

ಡಾಕ್ಟರು ನಗುತ್ತಾ ಸೀಸೆ ಒಳಗಿಟ್ಟರು. "ಹಂಗಾದ್ರೆ ಬಿಸಿಲು ಕಾಸ್ಕೋರಿ, ಎಲುಬಿಗೆ ಅದೂ ಅದೇ ಬಲ ಕೊಡ್ತೈತೆ. ಅದ್ರಾಗೆ ಮೀನಿಲ್ಲ."

ಅಂದಿನಿಂದ ಓಣಿಗೆ ಹೊಸ ನೋಟ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಪ್ಲಾಸ್ಟರ್ ಹಾಕಿದ ಕೈ ತೊಡೆಯ ಮೇಲಿಟ್ಟುಕೊಂಡು ಖಾನಾವಳಿಯ ಕಟ್ಟೆಯ ಮೇಲೆ ಕೊಟ್ರವ್ವ. ಮಸ್ತಾನಸಾಬ್ ಮೆಂತ್ಯದ ಒಂದು ಸಣ್ಣ ಕಟ್ಟನ್ನು ಬೇರೆಯೇ ಕಟ್ಟಿ ತರತೊಡಗಿದ. ಅದಕ್ಕೆ ಅವನಿಟ್ಟ ಹೆಸರು ಡಾಕ್ಟರ್ ಕಟ್ಟು. "ಒಂದು ಎಲೆ ಹೆಚ್ಚಿಲ್ಲ, ಒಂದು ಎಲೆ ಕಮ್ಮಿಯಿಲ್ಲ ಅಕ್ಕಾ. ಇಷ್ಟು ಹುಷಾರಾಗಿ ನಾನು ಮಗಳ ಮದುವೆಗೆ ಮೆಹರ್ ಹಣಾನೂ ಮಾತಾಡಿಲ್ಲ." ಮೊದಲ ದಿನ ಮೊಸರನ್ನು ಕಣ್ಣು ಮುಚ್ಚಿಕೊಂಡು ಬಾಯಿಗಿಟ್ಟಳಂತೆ. ಸೊಪ್ಪು ತಿನ್ನಲು ಶುರುಮಾಡಿದ ಮೊದಲ ವಾರಗಳಲ್ಲಿ ಒಮ್ಮೆ ಕಾಲು ತಣ್ಣಗಾಯಿತೆಂದು ಮನೆಯವರ ಎದೆ ಹಾರಿಸಿದಳು. ನೋಡಿದರೆ ಒದ್ದೆ ಕಲ್ಲಿನ ಮೇಲೆ ಕಾಲಿಟ್ಟು ಕೂತಿದ್ದಳು. ರಕ್ತಪರೀಕ್ಷೆಯ ಅಂಕಿ ಒಮ್ಮೆ ಏರಿತು, ಒಮ್ಮೆ ಇಳಿಯಿತು, ಮಾತ್ರೆ ಸ್ವಲ್ಪ ಹೆಚ್ಚಿತು, ಕೊನೆಗೆ ಹೊಂದಿಕೊಂಡಿತು.

ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ಡಾಕ್ಟರು ಹೇಳಿದಂತೆ ಸೊಟ್ಟ. ಬಡಿದರೆ ನೋವು ಮೊಣಕೈಗೆ ಹತ್ತುತ್ತಿತ್ತು. ಮರಿಯವ್ವ, "ಇನ್ನು ನೀ ಕೂತು ಹೇಳು, ನಾ ಬಡೀತೀನಿ," ಎಂದಳು. ಪ್ರೀತಿಯಿಂದಲೇ ಹೇಳಿದಳು, ಆದರೆ ಅವಳ ರೊಟ್ಟಿ ತೆಳ್ಳಗಾಗಿರಲಿಲ್ಲ. ಪಂಕ್ತಿಯಲ್ಲಿ ಮಣೆಗಳು ಖಾಲಿ ಉಳಿಯತೊಡಗಿದ್ದವು.

ಕೊಟ್ರವ್ವ ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ಒಂದು ಉಂಡೆ ಹಿಟ್ಟು ತೆಗೆದುಕೊಂಡು ಎಡಗೈಯಲ್ಲಿ ಬಡಿಯಲು ಕೂತಳು. ಇಷ್ಟು ಕಾಲ ಬಲಗೈ ಬಡಿದಿತ್ತು, ಎಡಗೈ ತಿರುಗಿಸಿತ್ತು. ಈಗ ಸೊಟ್ಟ ಕೈ ತಿರುಗಿಸಲಿ, ಎಡಗೈ ಬಡಿಯಲಿ. ಮೊದಲ ರೊಟ್ಟಿ ಹರಿಯಿತು. ಆಮೇಲಿನದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಹರಿದದ್ದನ್ನೆಲ್ಲ ಎಮ್ಮೆಗೆ ಹಾಕಿಸಿ ಮರುದಿನ ಮತ್ತೆ ಕೂತಳು. ನಾಗರತ್ನಮ್ಮ ಶಾಲೆ ಬಿಟ್ಟು ಬಂದರೆ ಒಲೆ ಮುಂದೆ ಇದೇ ಕೆಲಸ.

"ನಿಮ್ಮ ಮಕ್ಕಳು ಅಕ್ಷರ ತಿದ್ದಿದಂಗೆ ತಿದ್ದಾಕೆ ಹತ್ತೀನಿ ಅಕ್ಕೋರೇ."

"ನನ್ನ ಮಕ್ಕಳು ಇಷ್ಟು ತಿದ್ದಿದ್ರೆ ಎಲ್ಲಾ ಪಾಸಾಗಿರೋರು."

ಮುಂಗಾರು ಬಂತು, ಶ್ರಾವಣ ಬಂತು. ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿ ತಟ್ಟೆಯಲ್ಲಿಟ್ಟು ಮನೆ ಮನೆಗೆ ಕೊಡುವುದು, ಅವರ ಮನೆಯದು ಇವರು ಇಸಿದುಕೊಳ್ಳುವುದು. ಕೊಟ್ಟ ತಟ್ಟೆಯನ್ನು ಯಾರೂ ಖಾಲಿ ಕಳಿಸುವುದಿಲ್ಲ. ಕೊಟ್ರವ್ವನ ರೊಟ್ಟಿ ಹಿಂದಿನ ವರ್ಷಗಳಲ್ಲಿ ಓಣಿಯ ಎರಡೂ ತುದಿ ಮುಟ್ಟುತ್ತಿತ್ತು.

"ಈ ಸಲ ನನ್ನ ಕೈಯದೇ ಹೋಗ್ಬೇಕು," ಎಂದಳು ಕೊಟ್ರವ್ವ.

ಮರಿಯವ್ವ ಹಿಟ್ಟಿನ ಪಾತ್ರೆಗೆ ಅಡ್ಡ ನಿಂತಳು. "ಎಡಗೈಲೆ ಬಡಿದಿದ್ದು ಹಬ್ಬಕ್ಕೆ ಕೊಡ್ತಾರೇನೇ? ಖಾನಾವಳಿಗಾದ್ರೆ ಯಾರೂ ಕೇಳಲ್ಲ. ಮನೆ ಮನೆಗೆ ಕೊಡೋದು. ಒಂದು ಮನೆಯೋರು ತಟ್ಟೆ ತಿರುಗಿಸಿ ಕಳಿಸಿದ್ರೂ ಈ ಓಣಿಯಾಗೆ ತಲೆ ಎತ್ತಂಗಿಲ್ಲ."

"ಎರಡು ಕೈ ಸೇರದೆ ರೊಟ್ಟಿ ಆಗ್ತೈತೇನು ಯಕ್ಕಾ? ನಿನ್ನ ರೊಟ್ಟಿಗೂ ಎಡಗೈ ತಾಗೈತೆ. ನನ್ನವು ಕೆಲಸ ಅದಲು ಬದಲು ಮಾಡ್ಕೊಂಡಾವೆ, ಅಷ್ಟೇ. ತಿರುಗಿಸಿ ಕಳಿಸ್ತಾರೋ ಇಲ್ಲೋ, ಕಳಿಸಿ ನೋಡಾನ."

ಅರವತ್ತೇಳರ ಆ ರೊಟ್ಟಿ ಹಬ್ಬದ ನಸುಕಿನಲ್ಲಿ, ಗಿರಣಿ ಕೂಗುವ ಮೊದಲೇ ಓಣಿಗೆ ಎಚ್ಚರವಾಯಿತು. ಸಪ್ಪಳ ಮರಿಯವ್ವನದಲ್ಲ ಎಂಬುದು ಎಲ್ಲರಿಗೂ ಕೂಡಲೇ ತಿಳಿಯಿತು. ಕೊಟ್ರವ್ವನ ಹಳೆಯ ನಡಿಗೆಯೂ ಅಲ್ಲ. ಒಂದು ಪೆಟ್ಟು ಬಿದ್ದ ಮೇಲೆ ಚೂರು ತಡೆದು ಇನ್ನೊಂದು, ಕುಂಟುವವರು ಹುರುಪಿನಿಂದ ನಡೆದ ಹಾಗೆ. ಬಾಗಿಲುಗಳು ತೆರೆದವು. ಲಿಂಗಣ್ಣ ಕಟ್ಟೆಯ ಮೇಲೆ ನಿಂತು, ಯಾರೂ ಕೇಳದಿದ್ದರೂ, "ನಮ್ಮಾಕಿ," ಎಂದ.

ಬಡಿದ ಮೊದಲ ಸಜ್ಜೆ ರೊಟ್ಟಿಯನ್ನು ಮರಿಯವ್ವ ತಾನೇ ಹಂಚಿನಿಂದ ತೆಗೆದಳು. ತೆಗೆದು ದೀಪಕ್ಕೆ ಹಿಡಿದಳು. ಎಳ್ಳಿನ ನಡುವೆ ಆಚೆಯ ಬೆಳಕು ಕಂಡಿತು. ತುದಿ ಮುರಿದು ಬಾಯಿಗೆ ಹಾಕಿಕೊಂಡಳು, ಕರುಂ ಎಂದಿತು. ಬಹಳ ಹೊತ್ತು ಅಗಿದಳು.

"ಯಾವ ಕೈ ಅಂತ ರೊಟ್ಟಿ ಏನೂ ಹೇಳವಲ್ದು," ಎಂದಳು. ಮೈತುಂಬ ಸೆರಗು ಹೊದ್ದು, ತಟ್ಟೆಗಳನ್ನು ಜೋಡಿಸಿಕೊಂಡು ತಾನೇ ಓಣಿಗೆ ಇಳಿದಳು. ಪ್ರತಿ ಬಾಗಿಲಲ್ಲೂ, ಯಾರೂ ಬಾಯಿ ತೆರೆಯುವ ಮುಂಚೆ, "ನಮ್ಮ ಕೊಟ್ರವ್ವ ಎಡಗೈಲೆ ಬಡಿದಿದ್ದು, ಬೇಕಂದ್ರೆ ಇಡ್ಕೋರಿ, ಬ್ಯಾಡಾದ್ರೆ ಕೊಡ್ರಿ!" ಎಂದು ಸವಾಲು ಹಾಕುತ್ತಾ ಹೋದಳು. ಮಸ್ತಾನಸಾಬ್‌ನ ಗಾಡಿಗೂ ಒಂದು ತಟ್ಟೆ ಹೋಯಿತು. ಅವನು ಅಲ್ಲೇ ನಿಂತು ತಿಂದು, ತಟ್ಟೆಯ ತುಂಬ ಮೆಂತ್ಯ ಒಟ್ಟಿದ. "ಇದು ಡಾಕ್ಟರ್ ಕಟ್ಟಲ್ಲ. ಇದು ಊರಿಗೆ."

ಹೊತ್ತು ಏರುವಷ್ಟರಲ್ಲಿ ತಟ್ಟೆಗಳು ಮರಳಿದವು. ಯಾವುದೂ ಖಾಲಿ ಬರಲಿಲ್ಲ. ಒಂದರಲ್ಲಿ ಶೇಂಗಾ ಉಂಡೆ, ಒಂದರಲ್ಲಿ ಕಡಲೆ ಉಸಳಿ, ಒಂದರಲ್ಲಿ ಅವರ ಮನೆಯ ರೊಟ್ಟಿ ಹತ್ತು ಹನ್ನೆರಡು. ಇಡಲು ಜಾಗ ಸಾಲದೆ ಪಂಕ್ತಿಯ ಮಣೆಗಳ ಮೇಲೆಲ್ಲ ತಟ್ಟೆಗಳು. ಮರುವಾರದಿಂದ ಆ ಮಣೆಗಳ ಮೇಲೆ ಗಿರಣಿಯವರು ಕೂತರು. ಅಲ್ಲಿಂದ ಕೊನೆಯ ದಿನದವರೆಗೆ ಅವು ಖಾಲಿ ಉಳಿಯಲಿಲ್ಲ.

ಹಬ್ಬದ ದಿನ ನಾಗರತ್ನಮ್ಮ ಬಂದಾಗ ಕೊಟ್ರವ್ವ ಒಲೆಯ ಮುಂದಿನಿಂದ ಎದ್ದು, ಎರಡೂ ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿಕೊಳ್ಳುತ್ತಾ ಎದುರಿಗೆ ಬಂದಳು. ಗಿಡ್ಡ ಬಾಗಿಲನ್ನು ನೆಟ್ಟಗೆ ನಿಂತೇ ದಾಟಿದಳು. ಹೋದ ಎತ್ತರ ಮರಳಿರಲಿಲ್ಲ, ಮರಳುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಗೆಳತಿಯ ಕಣ್ಣು ಚೌಕಟ್ಟಿನ ಮೇಲೆ ಹೋದದ್ದನ್ನು ಕಂಡು ಕೊಟ್ರವ್ವ ನಕ್ಕಳು.

"ನೋಡ್ರಿ ಅಕ್ಕೋರೇ, ಇದೊಂದು ಬಾಗಿಲಿಗೆ ಬಗ್ಗೋದು ಬಾಕಿ ಇತ್ತು. ಈಗ ಅದಕ್ಕೂ ಬಗ್ಗಂಗಿಲ್ಲ. ಬರ್ರಿ, ಕೂಡ್ರಿ, ಬಿಸಿ ಐತೆ."